ಸ್ಕೀ ಅಗಲವಾಯಿತು, ಇಳಿಜಾರು ಬದಲಾಯಿತು

1980ರ ದಶಕದ ಒಂದು ಸ್ಕೀಯನ್ನು ಇವತ್ತಿನ ಸ್ಕೀ ಪಕ್ಕ ನಿಲ್ಲಿಸಿ ನೋಡಿ. ಹಳೆಯದು ಉದ್ದ, ಸಪೂರ. ಎರಡು ಮೀಟರಿಗೂ ಜಾಸ್ತಿ ಎತ್ತರ. ಬೂಟು ಕೂರುವ ಜಾಗದಲ್ಲಿ 65ರಿಂದ 70 ಮಿಲಿಮೀಟರ್ ಅಗಲ, ಅಷ್ಟೇ. ಹೊಸದು ನಿಮ್ಮ ಗಲ್ಲಕ್ಕೋ ಹಣೆಗೋ ಬರುತ್ತದೆ. ಆದರೆ ಅದೇ ಜಾಗದಲ್ಲಿ 95, 105, ಕೆಲವೊಮ್ಮೆ 115 ಮಿಲಿಮೀಟರ್. ಮೂರು ನಾಲ್ಕು ಸೆಂಟಿಮೀಟರಿನ ವ್ಯತ್ಯಾಸ. ಕೈಯಲ್ಲಿ ಹಿಡಿದಾಗ ಇದೇನು ಮಹಾ ಅನ್ನಿಸಬಹುದು. ಕಾಲಿಗೆ ಕಟ್ಟಿಕೊಂಡು ಇಳಿದರೆ ಮಾತ್ರ ನೀವು ನಿಲ್ಲುವ ಭಂಗಿ, ತಿರುಗುವ ರೀತಿ, ಕೊನೆಗೆ ನೀವು ಹೋಗಲು ಆರಿಸಿಕೊಳ್ಳುವ ಇಳಿಜಾರು ಎಲ್ಲವೂ ಬೇರೆಯಾಗುತ್ತವೆ.

ಬೂಟಿನ ಕೆಳಗಿನ ಈ ಅಗಲವನ್ನು ಸ್ಕೀಯ ಸೊಂಟ ಅನ್ನುತ್ತಾರೆ. ಮುಂದಿನ ತುದಿ ಅಗಲ, ನಡುವೆ ಸಪೂರ, ಹಿಂದೆ ಮತ್ತೆ ಅಗಲ, ಹಾಗಾಗಿ ಆ ಹೆಸರು. ಸ್ಕೀ ಕೊಳ್ಳಲು ಹೋದವರು ಈಗ ಉದ್ದಕ್ಕಿಂತ ಮೊದಲು ಕೇಳುವುದು ಈ ಸೊಂಟದ ಅಳತೆಯನ್ನೇ. ತೊಂದರೆ ಏನೆಂದರೆ, ಬಹಳಷ್ಟು ಜನ ಅದನ್ನು 'ಹಿಮದಲ್ಲಿ ಎಷ್ಟು ತೇಲುತ್ತದೆ' ಅನ್ನುವ ಒಂದೇ ಪ್ರಶ್ನೆಗೆ ಉತ್ತರ ಅಂದುಕೊಂಡಿದ್ದಾರೆ. ಅದು ಅರ್ಧ ಕಥೆ.

ಆ ಅರ್ಧವನ್ನೇ ಮೊದಲು ನೋಡೋಣ. ಕೆಸರಿನಲ್ಲಿ ಬರಿಗಾಲಲ್ಲಿ ನಿಂತರೆ ಹೂತು ಹೋಗುತ್ತೇವೆ, ಹಲಗೆ ಹಾಕಿ ನಿಂತರೆ ಇಲ್ಲ. ಹೊಸದಾಗಿ ಬಿದ್ದ ಹಿಮದ ಬಹುಪಾಲು ಗಾಳಿಯೇ. ಒಂದು ಘನ ಮೀಟರ್ ತಾಜಾ ಪೌಡರ್ ಹಿಮ 50ರಿಂದ 100 ಕಿಲೋ ತೂಗಬಹುದು. ಯಂತ್ರದಿಂದ ತುಳಿಸಿ ಗಟ್ಟಿ ಮಾಡಿದ ಪಿಸ್ಟ್ ಇದರ ಎಷ್ಟೋ ಪಟ್ಟು ತೂಗುತ್ತದೆ. ಈಗ ಒಂದು ಸಣ್ಣ ಲೆಕ್ಕ. 80 ಕಿಲೋ ತೂಕದ ಒಬ್ಬರು 205 ಸೆಂಟಿಮೀಟರ್ ಉದ್ದದ, ಸರಾಸರಿ 77 ಮಿಲಿಮೀಟರ್ ಅಗಲದ ಹಳೇ ಜೋಡಿಯ ಮೇಲೆ ನಿಂತರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 25 ಗ್ರಾಂ ಭಾರ ಬೀಳುತ್ತದೆ. ಅವರೇ 185 ಸೆಂಟಿಮೀಟರ್ ಉದ್ದದ, ಸರಾಸರಿ 128 ಮಿಲಿಮೀಟರ್ ಅಗಲದ ಜೋಡಿಯ ಮೇಲೆ ನಿಂತರೆ ಸುಮಾರು 17 ಗ್ರಾಂ. ಸ್ಕೀ ಗಿಡ್ಡವಾದರೂ ಒತ್ತಡ ಮೂರನೇ ಒಂದು ಭಾಗ ಇಳಿಯಿತು. ಜೊತೆಗೆ ಈಗಿನ ಅಗಲ ಸ್ಕೀಗಳ ಮೂತಿ ದೋಣಿಯ ಹಾಗೆ ಮೊದಲೇ ಮೇಲಕ್ಕೆ ಬಾಗಿರುತ್ತದೆ. ಇದನ್ನು ರಾಕರ್ ಅನ್ನುತ್ತಾರೆ. ಮೂತಿ ಹಿಮದೊಳಗೆ ನುಗ್ಗುವ ಬದಲು ಹಿಮದ ಮೇಲೆ ಹತ್ತುತ್ತದೆ.

ಇಷ್ಟು ಸರಳವಾದ ವಿಷಯ ಹೊಳೆಯಲು ಅಷ್ಟು ವರ್ಷ ಬೇಕಾಯಿತಾ? ಬೇಕಾಯಿತು. ಸ್ಕೀಯ ಆಕಾರವನ್ನು ಬಹಳ ಕಾಲ ನಿರ್ಧರಿಸಿದ್ದು ರೇಸು. ರೇಸ್ ನಡೆಯುವುದು ಕಲ್ಲಿನಂತೆ ಗಟ್ಟಿಯಾದ ಹಿಮದ ಮೇಲೆ. ಅಲ್ಲಿ ಸಪೂರ ಸ್ಕೀಯೇ ರಾಜ. ರೇಸರ್‌ಗಳು ತೊಡುವುದೇ ಒಳ್ಳೆಯ ಸ್ಕೀ, ಮಿಕ್ಕವರಿಗೂ ಅದೇ ಸರಿ ಅನ್ನುವ ನಂಬಿಕೆ ಇತ್ತು. ಆಸ್ಟ್ರಿಯಾದ ಅಟಾಮಿಕ್ ಕಂಪನಿಯಲ್ಲಿದ್ದ ರೂಪರ್ಟ್ ಹ್ಯೂಬರ್ 1980ರ ದಶಕದ ಕೊನೆಯ ಹೊತ್ತಿಗೆ ಈ ನಂಬಿಕೆಯ ಆಚೆ ಯೋಚಿಸಿದರು. ಸ್ನೋಬೋರ್ಡ್ ಆಳ ಹಿಮದಲ್ಲಿ ಸಲೀಸಾಗಿ ತೇಲುವುದನ್ನು ಎಲ್ಲರೂ ನೋಡುತ್ತಲೇ ಇದ್ದರು. ಅದೇ ಅಗಲವನ್ನು ಎರಡು ಕಾಲಿಗೆ ಹಂಚಿದರೆ ಹೇಗೆ? ಹೀಗೆ ಹುಟ್ಟಿದ 'ಪೌಡರ್ ಪ್ಲಸ್' ಸ್ಕೀಗೆ ಜನ ಇಟ್ಟ ಹೆಸರು 'ಫ್ಯಾಟ್ ಬಾಯ್'.

ಅದನ್ನು ಮೊದಲು ಅಪ್ಪಿಕೊಂಡವರು ಕೆನಡಾದ ಹೆಲಿಕಾಪ್ಟರ್ ಸ್ಕೀಯಿಂಗ್ ನಡೆಸುವವರು ಮತ್ತು ಅವರ ಗಿರಾಕಿಗಳು. ಇದು ಗಮನಿಸಬೇಕಾದ ಸಂಗತಿ. ಹೆಲಿಕಾಪ್ಟರಿನಲ್ಲಿ ಹೋಗುವವರಲ್ಲಿ ನಡುವಯಸ್ಸು ದಾಟಿದವರು ಬಹಳ. ಆಳ ಹಿಮದಲ್ಲಿ ಸಪೂರ ಸ್ಕೀ ಮೇಲೆ ನಾಲ್ಕು ಸಲ ಇಳಿಯುವಷ್ಟರಲ್ಲಿ ಅವರ ತೊಡೆ ಸೋತುಹೋಗುತ್ತಿತ್ತು. ಅಗಲ ಸ್ಕೀ ಹಾಕಿಕೊಂಡವರು ದಿನವಿಡೀ ಇಳಿದರು. ಅಂದರೆ ಅಗಲ ಸ್ಕೀ ಮೊದಲು ಗೆದ್ದಿದ್ದು ಸಾಹಸಿ ಹುಡುಗರ ಮನಸ್ಸನ್ನಲ್ಲ, ದಣಿದ ಕಾಲುಗಳನ್ನು. 'ಇದು ಕೈಲಾಗದವರ ಸ್ಕೀ' ಅನ್ನುವ ಮಾತು ಆಗ ಅದಕ್ಕೆ ಅಂಟಿಕೊಂಡಿದ್ದೂ ಇದೇ ಕಾರಣಕ್ಕೆ.

ಆ ಮಾತನ್ನು ಅಳಿಸಿದವರು ವೃತ್ತಿಪರ ಸ್ಕೀಯರ್ ಶೇನ್ ಮೆಕಾಂಕಿ. ಅವರ ವಾದ ಸರಳವಾಗಿತ್ತು. ಆಳ ಪೌಡರ್ ನಡೆದುಕೊಳ್ಳುವುದು ನೆಲದ ಹಾಗಲ್ಲ, ನೀರಿನ ಹಾಗೆ. ಹಾಗಿದ್ದ ಮೇಲೆ ಸ್ಕೀ ಯಾಕೆ ಗಟ್ಟಿ ನೆಲಕ್ಕೆ ಮಾಡಿದ ಆಕಾರದಲ್ಲಿರಬೇಕು? ಇದನ್ನು ತೋರಿಸಲು ಅವರು ಅಲಾಸ್ಕಾದ ಪರ್ವತವೊಂದರಲ್ಲಿ ನೀರಿನ ಮೇಲೆ ಬಳಸುವ ವಾಟರ್ ಸ್ಕೀಗಳನ್ನೇ ಕಟ್ಟಿಕೊಂಡು ಇಳಿದರು. ಅವರು ವೋಲಾಂಟ್ ಕಂಪನಿಯ ಜೊತೆ ರೂಪಿಸಿದ 'ಸ್ಪ್ಯಾಚುಲಾ' 2002ರಲ್ಲಿ ಮಾರುಕಟ್ಟೆಗೆ ಬಂತು. ಕಾಲಿನ ಕೆಳಗೆ 125 ಮಿಲಿಮೀಟರ್, ತುದಿಗಳು ಅದಕ್ಕಿಂತ ಸಪೂರ, ಉದ್ದಕ್ಕೂ ಬಾಳೆಕಾಯಿಯ ಹಾಗೆ ಬಾಗು. ಅಲ್ಲಿಯವರೆಗಿನ ಸ್ಕೀಯನ್ನು ಎಲ್ಲ ಲೆಕ್ಕದಲ್ಲೂ ತಿರುಗಿಸಿ ಇಟ್ಟಂತೆ. ಅಂಥ ಸ್ಕೀಗಳು ಕಡಿಮೆ ಸಂಖ್ಯೆಯಲ್ಲಿ ತಯಾರಾದವು. ಆದರೆ ಈಗ ಅಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಪ್ರತಿ ಅಗಲ ಸ್ಕೀಯ ಮೂತಿಯಲ್ಲೂ ಆ ಬಾಗಿನ ನೆನಪು ಇದೆ. 2009ರಲ್ಲಿ ಇಟಲಿಯ ಡೋಲೊಮೈಟ್ ಪರ್ವತಗಳಲ್ಲಿ ಬಂಡೆಯ ಮೇಲಿಂದ ಸ್ಕೀ ಸಮೇತ ಹಾರಿದಾಗ ಮೆಕಾಂಕಿ ತೀರಿಕೊಂಡರು.

ಈಗ ಶೈಲಿಯ ವಿಷಯಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು.

ಸಪೂರ ಸ್ಕೀ ಕಾಲದಲ್ಲಿ ಪೌಡರಿನಲ್ಲಿ ಇಳಿಯುವುದು ಒಂದು ಲಯದ ಆಟವಾಗಿತ್ತು. ಎರಡು ಕಾಲನ್ನೂ ಒಟ್ಟಿಗೆ ಅಂಟಿಸಿಕೊಳ್ಳಬೇಕು. ಬಿಟ್ಟರೆ ಒಂದು ಸ್ಕೀ ಮೇಲೆ, ಇನ್ನೊಂದು ಆಳದಲ್ಲಿ, ನೀವು ಹಿಮದಲ್ಲಿ. ಹಿಮದೊಳಗೆ ಮುಳುಗಿದ ಸ್ಕೀಯನ್ನು ಸುಮ್ನೆ ತಿರುಗಿಸಲು ಆಗುವುದಿಲ್ಲ. ಮೊದಲು ಒತ್ತಬೇಕು, ಹಿಮ ತಿರುಗಿ ನೂಕಿದಾಗ ಮೇಲೆ ಏಳಬೇಕು, ಹಗುರಾದ ಆ ಒಂದು ಕ್ಷಣದಲ್ಲಿ ದಿಕ್ಕು ಬದಲಿಸಬೇಕು, ಮತ್ತೆ ಮುಳುಗಬೇಕು. ಡಾಲ್ಫಿನ್ ನೀರಿನಿಂದ ಎದ್ದು ಬೀಳುವ ಹಾಗೆ. ಒಂದರ ಹಿಂದೆ ಒಂದು ಚಿಕ್ಕ ತಿರುವು, ಒಂದೇ ಅಳತೆಯವು. ಇಬ್ಬರು ಸೇರಿ ಒಬ್ಬರ ಹೆಜ್ಜೆಯನ್ನು ಇನ್ನೊಬ್ಬರು ಕತ್ತರಿಸಿ ಇಂಗ್ಲಿಷಿನ 8ರ ಸರಪಳಿ ಬರೆಯುವ ಸ್ಪರ್ಧೆಗಳೇ ನಡೆಯುತ್ತಿದ್ದವು. ಆ ಸರಪಳಿಯ ಅಂದ ನೋಡಿಯೇ ಸ್ಕೀಯರ್ ಎಷ್ಟು ನುರಿತವರು ಎಂದು ಹೇಳಬಹುದಿತ್ತು.

ಅಗಲ ಸ್ಕೀ ಮೇಲೆ ಆ ಕುಣಿತಕ್ಕೆ ಕೆಲಸವಿಲ್ಲ. ಸ್ಕೀ ಆಗಲೇ ಹಿಮದ ಮೇಲ್ಭಾಗದಲ್ಲಿ ಇರುವುದರಿಂದ ಮೇಲೆ ಏಳುವ ಅಗತ್ಯ ಬರುವುದಿಲ್ಲ. ಎರಡು ಕಾಲು ದೂರ ನಿಲ್ಲುತ್ತವೆ. ಅಗಲ ಹಲಗೆಗಳು ಒಂದಕ್ಕೊಂದು ತಾಗಬಾರದಲ್ವಾ? ತಿರುವು ದೊಡ್ಡದಾಗುತ್ತದೆ, ವೇಗ ಜಾಸ್ತಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕೀಯನ್ನು ಅಡ್ಡಕ್ಕೆ ಜಾರಿಸಲು ಬರುತ್ತದೆ. ಆಳ ಹಿಮದಲ್ಲಿ ಸಪೂರ ಸ್ಕೀಯನ್ನು ಅಡ್ಡ ಜಾರಿಸಲು ಹೋದರೆ ಅದು ಹಿಮದಲ್ಲಿ ಸಿಕ್ಕಿ ನಿಮ್ಮನ್ನು ಮುಗ್ಗರಿಸುತ್ತದೆ. ಅಗಲವಾದ, ತುದಿ ಬಾಗಿದ ಸ್ಕೀ ಅಡ್ಡಕ್ಕೂ ತೇಲುತ್ತದೆ. ಬೆಣ್ಣೆ ಹಚ್ಚುವ ಚಾಕುವಿನ ಹಾಗೆ ಹಿಮವನ್ನು ಸವರಬಹುದು, ಬೇಕಾದಲ್ಲಿ ವೇಗ ತಗ್ಗಿಸಬಹುದು, ಮತ್ತೆ ನೇರ ಬಿಡಬಹುದು. ಹಿಂದೆ ವೇಗ ತಡೆಯಲು ಇದ್ದ ದಾರಿ ತಿರುವೊಂದೇ. ಈಗ ತಿರುವು ಬೇರೆ, ಬ್ರೇಕ್ ಬೇರೆ ಆಯಿತು. ನನ್ನ ಪ್ರಕಾರ ಅಗಲ ಸ್ಕೀ ತಂದ ಅತಿ ದೊಡ್ಡ ಬದಲಾವಣೆ ಇದೇ. ತೇಲುವುದಕ್ಕಿಂತಲೂ ದೊಡ್ಡದು.

ಹಳಬರು 'ಈಗಿನವರಿಗೆ ಲಯವೇ ಗೊತ್ತಿಲ್ಲ' ಎಂದು ಬೇಸರ ಪಡುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಹಿಮದ ಜೊತೆ ಏಳುತ್ತಾ ಬೀಳುತ್ತಾ ಹೋಗುವ ಆ ಅನುಭವ ಕಡಿಮೆಯಾಗಿರುವುದು ನಿಜ. ಆದರೆ ಅಡ್ಡ ಸವರುವುದರಲ್ಲೂ ಒಂದು ಕಲೆ ಇದೆ. ಎಲ್ಲಿ ಸವರಬೇಕು, ಎಲ್ಲಿ ಬಿಡಬೇಕು, ಇಳಿಜಾರಿನ ಯಾವ ಉಬ್ಬನ್ನು ಅಲೆಯ ಹಾಗೆ ಬಳಸಬೇಕು ಎಂದು ನೋಡುವ ಕಣ್ಣು ಎಲ್ಲರಿಗೂ ಸಿಗುವುದಿಲ್ಲ. ಹಳೆಯ ಶೈಲಿ ಇಳಿಜಾರಿನ ಮೇಲೆ ಒಂದೇ ರಾಗವನ್ನು ಬರೆಯುತ್ತಿತ್ತು. ಹೊಸದು ಇಳಿಜಾರಿನ ಏರಿಳಿತಕ್ಕೆ ತಕ್ಕಂತೆ ಬದಲಾಗುತ್ತಾ ಹೋಗುತ್ತದೆ.

ಇದಕ್ಕೊಂದು ಬೆಲೆಯೂ ಇದೆ. ಚಿಕ್ಕ ತಿರುವು ಕಡಿಮೆ ಹಿಮ ತಿನ್ನುತ್ತದೆ. ಹೆಲಿಕಾಪ್ಟರ್ ಗೈಡ್‌ಗಳು ತಮ್ಮ ಗುಂಪಿಗೆ ಗೆರೆಯ ಪಕ್ಕ ಗೆರೆ ಹಾಕಿಸಿ, ಉಳುವವರು ಸಾಲು ಬಿಡುವ ಹಾಗೆ, ಒಂದು ಇಳಿಜಾರನ್ನು ದಿನಗಟ್ಟಲೆ ಉಳಿಸಿಕೊಳ್ಳುತ್ತಿದ್ದರು. ದೊಡ್ಡ, ವೇಗದ ತಿರುವಿಗೆ ಜಾಗ ಜಾಸ್ತಿ ಬೇಕು. ಹತ್ತು ಜನ ಇಳಿದರೆ ಇಡೀ ಬಯಲು ಮುಗಿಯಿತು. ಲಿಫ್ಟ್ ಇರುವ ಬೆಟ್ಟಗಳಲ್ಲಂತೂ ಬೆಳಿಗ್ಗೆ ಬಿದ್ದಿದ್ದ ಹೊಸ ಹಿಮ ಮಧ್ಯಾಹ್ನದೊಳಗೆ ಉಳುಮೆ ಆದ ಗದ್ದೆ. ಆಮೇಲೆ ಎಲ್ಲರೂ ಇನ್ನೂ ಆಚೆ, ಗುರುತು ಹಾಕಿದ ದಾರಿಯಿಂದ ಇನ್ನೂ ದೂರ ನೋಡಲು ಶುರು ಮಾಡುತ್ತಾರೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಅದಕ್ಕೆ ಮೊದಲು ಗಟ್ಟಿ ಹಿಮ. ಅಗಲ ಸ್ಕೀ ಕೊಂಡವರಿಗೆ ಅಂಗಡಿಯಲ್ಲಿ ಯಾರೂ ಸರಿಯಾಗಿ ಹೇಳದ ವಿಷಯ ಇರುವುದು ಇಲ್ಲೇ.

ಗಟ್ಟಿ ಹಿಮದ ಮೇಲೆ ತಿರುಗುವಾಗ ಸ್ಕೀಯ ತಳ ಹಿಮಕ್ಕೆ ತಾಗುವುದೇ ಇಲ್ಲ ಎನ್ನಬಹುದು. ನಿಮ್ಮ ಇಡೀ ಭಾರ ಒಂದು ಉಕ್ಕಿನ ಅಂಚಿನ ಮೇಲೆ ಕೂತಿರುತ್ತದೆ. ಸ್ಕೀ ಬೂಟಿನ ಅಡಿಯ ಅಗಲ ಸುಮಾರು 69 ಮಿಲಿಮೀಟರ್. ಸೊಂಟ 65 ಇದ್ದರೆ ಅಂಚು ನಿಮ್ಮ ಪಾದದ ಕೆಳಗೇ ಇರುತ್ತದೆ. ನೀವು ನೇರವಾಗಿ ಅದರ ಮೇಲೆ ನಿಂತಿರುತ್ತೀರಿ. ಸೊಂಟ 110 ಆದರೆ ಅಂಚು ಬೂಟಿನ ಬದಿಯಿಂದ ಎರಡು ಸೆಂಟಿಮೀಟರ್ ಆಚೆಗೆ ಹೋಯಿತು. ಪಾದದ ನಡುವಿನಿಂದ ಅಂಚಿಗೆ ಮೊದಲು 32 ಮಿಲಿಮೀಟರ್ ಇದ್ದದ್ದು ಈಗ 55. ಸನ್ನೆಕೋಲು ಉದ್ದವಾಯಿತು ಅಂದುಕೊಳ್ಳಿ. ಹಿಮ ಅಂಚನ್ನು ಮೇಲಕ್ಕೆ ನೂಕುತ್ತದೆ, ಸ್ಕೀ ಚಪ್ಪಟೆ ಮಲಗಲು ನೋಡುತ್ತದೆ. ಅದನ್ನು ಮಲಗಲು ಬಿಡದೆ ಹಿಡಿಯಬೇಕಾದದ್ದು ನಿಮ್ಮ ಪಾದದ ಗಂಟು, ಮಂಡಿ, ಸೊಂಟ. ಬೂಟು ಪಾದದ ಗಂಟನ್ನು ಕಟ್ಟಿ ಹಾಕಿರುವುದರಿಂದ ಹೆಚ್ಚಿನ ತಿರುಚು ಮಂಡಿಗೇ ಹೋಗುತ್ತದೆ. ಸ್ಲೊವೇನಿಯಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಕೂಡ ಸ್ಕೀಯ ಸೊಂಟ ಅಗಲವಾದಂತೆ ಮಂಡಿ ತಿರುಗುವ, ವಾಲುವ ರೀತಿ ಬದಲಾಗುತ್ತದೆ ಎಂದು ಅಳೆದು ತೋರಿಸಿತು.

ಮೆದು ಹಿಮದಲ್ಲಿ ಈ ಸಮಸ್ಯೆಯೇ ಇಲ್ಲ. ಅಲ್ಲಿ ಸ್ಕೀಯ ಇಡೀ ತಳಕ್ಕೆ ಹಿಮದ ಆಸರೆ ಇರುತ್ತದೆ. ಭಾರ ಅಂಚಿನಲ್ಲಿ ಕೂರುವ ಬದಲು ಪಾದದ ಕೆಳಗೆ ಹರಡಿಕೊಳ್ಳುತ್ತದೆ. ಒಂದೇ ಸ್ಕೀ ಒಂದು ಕಡೆ ಕಾಲಿಗೆ ಗೆಳೆಯ, ಇನ್ನೊಂದು ಕಡೆ ಮಂಡಿಗೆ ಹೊರೆ.

ದೇಹ ಜಾಣ. ನೋವು ಬರುವ ಮೊದಲೇ ಅದು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತದೆ. ಅಗಲ ಸ್ಕೀ ಮೇಲೆ ಗಟ್ಟಿ ಪಿಸ್ಟಿನಲ್ಲಿ ಇಳಿಯುವವರನ್ನು ಗಮನಿಸಿ ನೋಡಿ. ಅಂಚನ್ನು ಪೂರ್ತಿ ಎಬ್ಬಿಸುವುದಿಲ್ಲ, ಅರ್ಧಕ್ಕೇ ನಿಲ್ಲಿಸುತ್ತಾರೆ. ಕತ್ತರಿಸುವ ತಿರುವು ಜಾರುವ ತಿರುವಾಗುತ್ತದೆ. ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಲು ಹೊತ್ತು ಜಾಸ್ತಿ ಬೇಕಾದ್ದರಿಂದ ಚಿಕ್ಕ ತಿರುವುಗಳನ್ನೇ ಕೈಬಿಡುತ್ತಾರೆ. ವರ್ಷಗಳಿಂದ ಸ್ಕೀ ಮಾಡಿದವರಿಗೆ ಇದು ಹೊಂದಾಣಿಕೆ ಅಷ್ಟೇ. ಕಲಿಕೆಯ ಹಂತದಲ್ಲಿ ಇರುವವರಿಗೆ ಇದೇ ಅಭ್ಯಾಸವಾಗಿಬಿಡುತ್ತದೆ. ಅಂಚಿನ ಮೇಲೆ ನಿಲ್ಲುವುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತೇ ಆಗುವುದಿಲ್ಲ. ಕಲಿಯುವ ಮೊದಲ ಕೆಲವು ವರ್ಷ 75ರಿಂದ 85 ಮಿಲಿಮೀಟರ್ ಒಳಗೇ ಇರಿ ಎಂದು ನಾನು ಯಾರು ಕೇಳಿದರೂ ಹೇಳುತ್ತೇನೆ. ಅಂಚು ಕಲಿತ ಕಾಲು ಆಮೇಲೆ ಯಾವ ಅಗಲಕ್ಕೂ ಹೊಂದಿಕೊಳ್ಳುತ್ತದೆ. ಅಗಲದಲ್ಲೇ ಕಲಿತ ಕಾಲು ಒಂದು ದಿನ ಮಂಜುಗಡ್ಡೆ ಸಿಕ್ಕಾಗ ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತದೆ.

ಹಾಗಂತ ಗಟ್ಟಿ ಹಿಮದ ಸ್ಕೀ ಅಲ್ಲೇ ನಿಂತುಬಿಟ್ಟಿತು ಅಂದುಕೊಳ್ಳಬೇಡಿ. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ತಂದ 'ಎಸ್‌ಸಿಎಕ್ಸ್' ತುದಿ ಅಗಲ ಮಾಡಿತು, ಸೊಂಟವನ್ನು ಸಪೂರವಾಗಿಯೇ ಇಟ್ಟಿತು. ಸ್ಕೀ ತಾನಾಗಿ ತಿರುಗುವ ಕಾರ್ವಿಂಗ್ ಸಾಮಾನ್ಯ ಸ್ಕೀಯರ್‌ಗೂ ದಕ್ಕಿದ್ದು ಅದರಿಂದ. ಎರಡೂ ಬದಲಾವಣೆ ಒಂದೇ ಕಾಲದ ಆಸುಪಾಸಿನಲ್ಲಿ ಆದವು, ಆದರೆ ಎರಡು ಬೇರೆ ದಿಕ್ಕಿಗೆ. ಇವತ್ತಿಗೂ ವಿಶ್ವಕಪ್ ರೇಸರ್‌ಗಳ ಸ್ಕೀಯ ಸೊಂಟ 65ರ ಆಸುಪಾಸಿನಲ್ಲೇ ಇದೆ. ದಿಬ್ಬಗಳ ಸಾಲಿನಲ್ಲಿ ಇಳಿಯುವ ಮೊಗಲ್ ಸ್ಪರ್ಧಿಗಳದ್ದೂ ಅಷ್ಟೇ.

ಇನ್ನು ಜಾಗದ ಆಯ್ಕೆ. ಮೆದು ಹಿಮದಲ್ಲಿ ಹಗುರ, ಗಟ್ಟಿ ಹಿಮದಲ್ಲಿ ಹೊರೆ ಅಂದ ಮೇಲೆ ಕಾಲು ಯಾವ ಕಡೆ ಎಳೆಯುತ್ತದೆ ಹೇಳಿ. ಅಗಲ ಸ್ಕೀ ಹಾಕಿಕೊಂಡವರು ಪಿಸ್ಟನ್ನು ಬಿಟ್ಟು ಬದಿಯನ್ನು ನೋಡುತ್ತಾರೆ. ಬಿಸಿಲು ಬೀಳದ ಉತ್ತರದ ಇಳಿಜಾರಿನಲ್ಲಿ ಹಿಮ ಇನ್ನೂ ಪುಡಿಪುಡಿ ಇದೆಯಾ? ಮರಗಳ ನಡುವೆ ಯಾರೂ ಹೋಗದ ಪಟ್ಟಿ ಉಳಿದಿದೆಯಾ? ಹತ್ತು ಜನ ತುಳಿದು ಉಂಡೆ ಉಂಡೆಯಾದ ಹಿಮವೂ ಅವರಿಗೆ ಅಡ್ಡಿಯಲ್ಲ. ಸಪೂರ ಸ್ಕೀ ಒಂದು ಉಂಡೆಗೆ ಹೊಕ್ಕು ಇನ್ನೊಂದಕ್ಕೆ ಬಡಿಯುತ್ತದೆ, ಅಗಲದ್ದು ಮೇಲೆ ಹಾದುಹೋಗುತ್ತದೆ. ಮೇಲೆ ತೆಳ್ಳಗೆ ಹಪ್ಪಳದಂತೆ ಗಟ್ಟಿಯಾಗಿ ಒಳಗೆ ಮೆದುವಾಗಿರುವ ಹಿಮ ಸ್ಕೀಯರ್‌ಗಳ ಕೆಟ್ಟ ಕನಸು. ಅಲ್ಲೂ ಅಗಲ ಸ್ಕೀ ಎಷ್ಟೋ ವಾಸಿ. ದೊಡ್ಡ ಬೆಟ್ಟಗಳಲ್ಲಿ ಇದರ ಪರಿಣಾಮ ಇನ್ನೂ ಎದ್ದು ಕಾಣುತ್ತದೆ. ಅಲಾಸ್ಕಾದ ವಾಲ್ಡೀಸ್ ಸುತ್ತಲಿನ ಚುಗಾಚ್ ಪರ್ವತಗಳಲ್ಲಿ 1990ರ ದಶಕದ ಶುರುವಿನಲ್ಲಿ ಹತ್ತಾರು ತಿರುವು ಹಾಕಿ ಇಳಿಯುತ್ತಿದ್ದ ಮುಖಗಳನ್ನು ಆಮೇಲಿನ ಪೀಳಿಗೆ ಬೆರಳೆಣಿಕೆಯ ತಿರುವುಗಳಲ್ಲಿ ಇಳಿಯಿತು. ಬಂಡೆಯಿಂದ ಹಾರಿ ಹಿಮಕ್ಕೆ ಬಿದ್ದು ಅದೇ ವೇಗದಲ್ಲಿ ಮುಂದೆ ಹೋಗುವುದೂ ಅಗಲದ ಬಲದಿಂದಲೇ ಸಾಧ್ಯವಾಯಿತು.

ಕೆಲವು ಜಾಗಗಳಲ್ಲಿ ಮಾತ್ರ ಅಗಲ ಸ್ಕೀ ಕೈಕೊಡುತ್ತದೆ. ಎರಡು ಬಂಡೆಗಳ ನಡುವಿನ ಕಡಿದಾದ ಓಣಿಯಲ್ಲಿ ಹಿಮ ಸಾಮಾನ್ಯವಾಗಿ ಗಟ್ಟಿ, ಅಲ್ಲಿ ಜಾರಿದರೆ ಕೊನೆ ಇಲ್ಲ. ಪೌಡರ್ ಇರುವ ಬಟ್ಟಲಿಗೆ ಹೋಗಲು ಒಂದು ಗಟ್ಟಿ ಇಳಿಜಾರನ್ನು ಅಡ್ಡ ದಾಟಬೇಕಾದರೂ ಅಷ್ಟೇ. ಅಲ್ಲಿ ಅಂಚು ಪಾದದ ಕೆಳಗೇ ಇದ್ದರೆ ಚೆನ್ನ. ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತಿ ಇಳಿಯುವವರಿಗೆ ತೂಕದ ಲೆಕ್ಕವೂ ಸೇರುತ್ತದೆ. ಅಗಲವಾದ ಸ್ಕೀ, ಹತ್ತುವಾಗ ಹಿಂದಕ್ಕೆ ಜಾರದಿರಲು ಅದರ ತಳಕ್ಕೆ ಅಂಟಿಸುವ ಅಗಲವಾದ ಸ್ಕಿನ್ ಪಟ್ಟಿ, ಪ್ರತಿ ಹೆಜ್ಜೆಗೂ ಎತ್ತಬೇಕು.

ಈಗ ಮುಂದೂಡಿದ್ದ ಮಾತು. ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ಸಪೂರ ಸ್ಕೀ ಕಾಲದಲ್ಲಿ ಆಳ ಹಿಮ ಒಂದು ಜರಡಿಯಾಗಿತ್ತು. ಅಲ್ಲಿ ಇಳಿಯಲು ವರ್ಷಗಟ್ಟಲೆ ಕಲಿಯಬೇಕಿತ್ತು. ಆ ವರ್ಷಗಳಲ್ಲಿ ಕಾಲು ಮಾತ್ರ ಕಲಿಯುತ್ತಿರಲಿಲ್ಲ, ಕಣ್ಣೂ ಕಲಿಯುತ್ತಿತ್ತು. ಗಾಳಿ ಹಿಮವನ್ನು ಎಲ್ಲಿ ಗುಡ್ಡೆ ಹಾಕುತ್ತದೆ, ಯಾವ ಪದರ ಯಾವುದರ ಮೇಲೆ ಸರಿಯಾಗಿ ಅಂಟಿಲ್ಲ, ಹೊಸ ಹಿಮ ಬಿದ್ದ ಮೇಲೆ ಎಷ್ಟು ದಿನ ಕಾಯಬೇಕು, ಇದೆಲ್ಲ ಹಿರಿಯರ ಜೊತೆ ಓಡಾಡುತ್ತಾ ತಲೆಗೆ ಹತ್ತುತ್ತಿತ್ತು. ಅಗಲ ಸ್ಕೀ ಆ ಜರಡಿಯನ್ನು ತೆಗೆದುಬಿಟ್ಟಿತು. ಪಿಸ್ಟಿನಲ್ಲಿ ಎರಡು ಮೂರು ಋತು ಕಳೆದವರು ಈಗ ಪೌಡರಿನಲ್ಲಿ ಸಲೀಸಾಗಿ ಇಳಿಯುತ್ತಾರೆ. ಹೆಚ್ಚು ಜನರಿಗೆ ಆ ಸುಖ ಸಿಕ್ಕಿದ್ದು ನನಗೆ ನಿಜವಾಗಿಯೂ ಸಂತೋಷ. ಆದರೆ ಇಳಿಯುವ ಶಕ್ತಿ ಬೇಗ ಬಂತು, ಹಿಮವನ್ನು ಓದುವ ಬುದ್ಧಿ ಅಷ್ಟೇ ಬೇಗ ಬರಲಿಲ್ಲ.

ಹಿಮಕುಸಿತಕ್ಕೆ ನಿಮ್ಮ ಸ್ಕೀ ಎಷ್ಟು ಅಗಲ ಅನ್ನುವುದು ಬೇಕಿಲ್ಲ. ಜನರನ್ನು ಕೊಲ್ಲುವ ಹಿಮಕುಸಿತಗಳಲ್ಲಿ ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಆಗುತ್ತವೆ. ಸ್ಕೀಯರ್‌ಗಳು ಪೌಡರ್ ದಿನ ಆಸೆಯಿಂದ ನೋಡುವ ಇಳಿಜಾರುಗಳೂ ಅವೇ. ಬಹಳಷ್ಟು ಅಪಘಾತಗಳಲ್ಲಿ ಹಿಮವನ್ನು ಕದಲಿಸಿದ್ದು ಸಿಕ್ಕಿಕೊಂಡವರೇ, ಇಲ್ಲವೇ ಅವರ ಜೊತೆಯವರು. ಹೂತು ಹೋದವರು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷದ ನಂತರ ಸರ್ರನೆ ಇಳಿಯುತ್ತದೆ. ಅಂದರೆ ಬದುಕಿಸಬೇಕಾದವರು ಪಕ್ಕದಲ್ಲಿರುವ ಗೆಳೆಯರೇ. ಪ್ರತಿಯೊಬ್ಬರ ಮೈಮೇಲೆ ಹೂತವರನ್ನು ಸಂಕೇತದಿಂದ ಪತ್ತೆ ಹಚ್ಚುವ ಟ್ರಾನ್ಸೀವರ್, ಚೀಲದಲ್ಲಿ ಸಲಿಕೆ ಮತ್ತು ಹಿಮದೊಳಗೆ ಚುಚ್ಚಿ ಹುಡುಕುವ ಪ್ರೋಬ್ ಕೋಲು ಇರಬೇಕು. ಅವನ್ನು ಬಳಸಿ ಅಭ್ಯಾಸ ಆಗಿರಬೇಕು. ಅಗಲ ಸ್ಕೀ ಭಾರವನ್ನು ಹರಡುತ್ತದೆ, ಹಾಗಾಗಿ ಹಿಮ ಕುಸಿಯುವುದಿಲ್ಲ ಎಂದು ಕೆಲವರು ಹೇಳುವುದುಂಟು. ದಯವಿಟ್ಟು ಇದನ್ನು ನಂಬಿಕೊಂಡು ಹೋಗಬೇಡಿ. ವೇಗದ ತಿರುವಿನಲ್ಲಿ, ಹಾರಿ ಬೀಳುವಲ್ಲಿ ಹಿಮದ ಮೇಲೆ ಬೀಳುವ ಹೊಡೆತ ನಿಂತಾಗಿನ ಭಾರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಕೊಳ್ಳುವವರಿಗೆ ನನ್ನ ಸಲಹೆ ಚಿಕ್ಕದು. ಕನಸಿನ ದಿನಕ್ಕೆ ಸ್ಕೀ ಕೊಳ್ಳಬೇಡಿ. ಹತ್ತರಲ್ಲಿ ಎಂಟು ದಿನ ಎಂಥ ಹಿಮದ ಮೇಲೆ ಇರುತ್ತೀರೋ ಅದಕ್ಕೆ ಕೊಳ್ಳಿ. ಹೆಚ್ಚಾಗಿ ಪಿಸ್ಟ್ ಅಂದರೆ 80ರ ಆಸುಪಾಸು. ಎರಡೂ ಕಡೆ ಓಡಾಟ ಅಂದರೆ 90ರಿಂದ 100. ಆಳ ಹಿಮ ದಿನವೂ ಸಿಗುವ ಭಾಗ್ಯ ಇದ್ದರೆ 110 ದಾಟಿ. ಒಂದೆರಡು ಪೌಡರ್ ದಿನಕ್ಕೆ ಬಾಡಿಗೆಗೆ ಸಿಗುತ್ತದೆ. ಕಳೆದ ದಶಕದಲ್ಲಿ ಎಲ್ಲ ಕಡೆಗೂ 110 ಎಂದು ಹೊರಟವರು ಈಗ ನಿಧಾನವಾಗಿ 95ರ ಕಡೆಗೆ ವಾಪಸ್ ಬರುತ್ತಿರುವುದನ್ನು ನೋಡುತ್ತಿದ್ದೇವೆ. ಅವರ ಮಂಡಿಗಳು ಹೇಳಿದ್ದನ್ನು ಅವರು ಕೇಳಿದ್ದಾರೆ.

ಅಗಲ ಸ್ಕೀಯ ಇನ್ನೊಂದು ಗುಣವನ್ನು ನಾವು ಅಷ್ಟಾಗಿ ಬಳಸಿಕೊಂಡಿಲ್ಲ. ಸಪೂರ ಸ್ಕೀ ಆಳ ಹಿಮದಲ್ಲಿ ಮುಳುಗುತ್ತದೆ, ಮುಳುಗಿದ್ದು ಮೇಲೆ ಬರಲು ವೇಗ ಬೇಕು, ವೇಗಕ್ಕೆ ಕಡಿದಾದ ಇಳಿಜಾರು ಬೇಕು. ಅದಕ್ಕೇ ಹಿಂದೆ ಪೌಡರ್ ಅಂದರೆ ಕಡಿದು ಎಂದೇ ಆಗಿತ್ತು. ಅಗಲ ಸ್ಕೀ ಕಡಿಮೆ ವೇಗದಲ್ಲೂ ತೇಲುತ್ತದೆ. ಸಪೂರ ಸ್ಕೀ ಹೂತು ನಿಂತುಬಿಡುವ 22, 25 ಡಿಗ್ರಿಯ ಸೌಮ್ಯ ಇಳಿಜಾರಿನಲ್ಲೂ ಅದು ಹರಿದುಕೊಂಡು ಹೋಗುತ್ತದೆ. ಹಿಮಕುಸಿತದ ಎಚ್ಚರಿಕೆ ಜೋರಾಗಿರುವ ದಿನವೂ 30 ಡಿಗ್ರಿಗಿಂತ ಕೆಳಗಿನ, ಮರಗಳಿರುವ ಅಂಥ ಜಾಗದಲ್ಲಿ ಮಂಡಿಯುದ್ದ ಹಿಮದಲ್ಲಿ ಗಂಟೆಗಟ್ಟಲೆ ಇಳಿಯಬಹುದು. ಹೊರಡುವ ಮುಂಚೆ ತಲೆಯೆತ್ತಿ ಮೇಲೆ ಏನಿದೆ ಎಂದು ಮಾತ್ರ ನೋಡಿ. ನಿಮ್ಮ ಸೌಮ್ಯ ಇಳಿಜಾರಿನ ಮೇಲೆ ಇನ್ನೊಂದು ಕಡಿದಾದ, ಹಿಮ ತುಂಬಿದ ಇಳಿಜಾರು ನೇತಾಡುತ್ತಿದ್ದರೆ ಅಲ್ಲಿಂದ ಬರುವುದು ನಿಮ್ಮ ತನಕವೂ ಬರುತ್ತದೆ. ಅಂಥ ಕಡೆ ಹೋಗಬೇಡಿ, ಪಕ್ಕದ ಕಾಡಂಚನ್ನು ಆರಿಸಿಕೊಳ್ಳಿ.